ಸತ್ತ ಕುರಿಯ ಕಿವಿ

ಆ ದಿನ ದ್ಯಾಮಕ್ಕನಿಗೆ ಆರುನೂರು ರೊಟ್ಟಿಯ ಆರ್ಡರ್ ಇತ್ತು. ಹಗರಿಬೊಮ್ಮನಹಳ್ಳಿಯ ಕಲ್ಯಾಣಮಂಟಪದಲ್ಲಿ ಮದುವೆಯೇನೂ ಇರಲಿಲ್ಲ, ಸಭೆ ಇತ್ತು. ಬಾಗಿಲಿಗೆ ಕಟ್ಟಿದ ಬ್ಯಾನರಿನಲ್ಲಿ ಆಕಾಶಕ್ಕೆ ಮುಟ್ಟಿದ ಗಾಜಿನ ಕಟ್ಟಡಗಳು, ಅವುಗಳ ಕೆಳಗೆ ‘ನಿಮ್ಮ ಸಂಪತ್ತಿಗೆ ವಿದೇಶದಲ್ಲೊಂದು ಮನೆ’ ಎಂಬ ದಪ್ಪ ಅಕ್ಷರ, ಅದರ ಪಕ್ಕದಲ್ಲಿ ಕೈಮುಗಿದು ನಿಂತ ಕಾಂತೇಶ್. ಕಾಂತೇಶ್ ಅವಳ ಮೈದುನನ ಮಗ. ಹೋದ ವರ್ಷದ ತನಕ ಬೋರ್‌ವೆಲ್ ಲಾರಿಯವರಿಗೆ ಗಿರಾಕಿ ಹುಡುಕಿಕೊಡುತ್ತಿದ್ದವನು ಈಗ ದುಬೈಯ ಫ್ಲ್ಯಾಟುಗಳಲ್ಲಿ ಪಾಲು ಕೊಡಿಸುತ್ತೇವೆನ್ನುವ ಕಂಪನಿಯೊಂದಕ್ಕೆ ಜನ ಸೇರಿಸುತ್ತಿದ್ದ.

ಅಡುಗೆಮನೆ ವೇದಿಕೆಯ ಹಿಂದೆಯೇ ಇತ್ತು. ಬೆಳಗಿನ ನಾಲ್ಕಕ್ಕೆ ಒಲೆ ಹಚ್ಚಿದ್ದ ದ್ಯಾಮಕ್ಕ, ಒಂಬತ್ತು ವರ್ಷದಿಂದ ಅವಳ ಜೊತೆ ರೊಟ್ಟಿ ಬಡಿಯುತ್ತಿರುವ ನಾಗಲಿಂಗಮ್ಮನೊಂದಿಗೆ ರೊಟ್ಟಿಗಳನ್ನು ಬುಟ್ಟಿಗೆ ಹೊಂದಿಸುತ್ತಿದ್ದಳು. ಮೈಕಿನಲ್ಲಿ ಕೋಟು ಹಾಕಿದವರೊಬ್ಬರ ಮಾತು ಕೇಳುತ್ತಿತ್ತು.

“ನಿಮ್ಮ ತಾತನ ಕಾಲದಲ್ಲಿ ಒಂದು ಡಾಲರಿಗೆ ಎಷ್ಟು ರೂಪಾಯಿ ಕೊಡಬೇಕಿತ್ತು? ಈಗ ಎಷ್ಟು? ನಿಮ್ಮ ಹಣ ಮನೆಯಲ್ಲಿ ಕೂತಲ್ಲೇ ಕರಗುತ್ತಿದೆ. ಗಳಿಸಿದ್ದನ್ನೆಲ್ಲ ಯಾಕೆ ಒಂದೇ ದೇಶದಲ್ಲಿ ಇಡುತ್ತೀರಿ?”

ದ್ಯಾಮಕ್ಕನ ಕೈ ನಿಂತಿತು. “ನಾಗಲಿಂಗಿ, ಈ ಮಾತು ಖರೇನ ಐತಿ ನೋಡು.”

“ಯಾವ್ದು?”

“ಮನ್ಯಾಗ ಕುಂತಲ್ಲೇ ಕರಗತೈತಿ ಅನ್ನೋದು.”

“ನಿನ್ನ ಮನ್ಯಾಗ ಕರಗಂಗಿಲ್ಲವ್ವ, ನುಂಗ್ತಾರ,” ಎಂದು ನಾಗಲಿಂಗಮ್ಮ ನಕ್ಕಳು. ನಕ್ಕರೂ ಅವಳ ಕುಪ್ಪಸದೊಳಗೆ ಕಾಂತೇಶ್ ಕೊಟ್ಟ ಅರ್ಜಿಯ ಹಾಳೆ ಮಡಚಿಕೊಂಡು ಕೂತಿತ್ತು. ಮಗಳ ಮದುವೆಗೆಂದು ಇಟ್ಟ ಅರವತ್ತು ಸಾವಿರವನ್ನು ಕೊಡಲೋ ಬೇಡವೋ ಎಂದು ಅವಳು ಮೂರು ದಿನದಿಂದ ತೂಗಿ ನೋಡುತ್ತಿದ್ದಳು.

ಆಮೇಲೆ ಮೈಕು ಕಾಂತೇಶನ ಕೈಗೆ ಹೋಯಿತು. “ತಿಂಗಳಾ ಐದನೇ ತಾರೀಖು, ನೂರಕ್ಕ ಮೂರು ರೂಪಾಯಿ ನಿಮ್ಮ ಅಕೌಂಟಿಗೆ! ಮಳಿ ಬರ್ಲಿ, ಬಿಡ್ಲಿ, ಐದನೇ ತಾರೀಖು ತಪ್ಪಂಗಿಲ್ಲ! ಐದು ಲಕ್ಷ ಹಾಕಿ ನಮ್ಮ ತಾಲ್ಲೂಕಿನ ಮೊದಲ ಸದಸ್ಯರಾಗಿರೋರು ನಮ್ಮ ದೊಡ್ಡಪ್ಪ, ಓಬಳೇಶಪ್ಪನೋರು. ಚಪ್ಪಾಳಿ ಬರ್ಲಿ!”

ಚಪ್ಪಾಳೆ ಬಂತು. ಅಡುಗೆಮನೆಯ ಬಾಗಿಲಿನಿಂದ ದ್ಯಾಮಕ್ಕ ಇಣುಕಿ ನೋಡಿದಳು. ಗಂಡನ ಹೆಗಲಿಗೆ ಜರಿಯಂಚಿನ ಶಾಲು ಬೀಳುತ್ತಿತ್ತು. ಓಬಳೇಶಪ್ಪನ ಹೆಸರಿನಲ್ಲಿ ಒಂದು ಹಳೆಯ ಟ್ರ್ಯಾಕ್ಟರ್ ಬಿಟ್ಟರೆ ಏನೂ ಇಲ್ಲವೆಂಬುದು ಊರಿಗೆಲ್ಲ ಗೊತ್ತಿತ್ತು. ಆ ಮನೆಯಲ್ಲಿದ್ದ ಐದು ಲಕ್ಷ ಒಂದೇ. ಅದು ಬ್ಯಾಂಕಿನಲ್ಲಿ ದ್ಯಾಮಕ್ಕನ ಹೆಸರಿನ ಠೇವಣಿಯಾಗಿತ್ತು, ಹದಿನಾಲ್ಕು ವರ್ಷದ ರೊಟ್ಟಿಯ ದುಡಿಮೆ, ಹತ್ತು ದಿನದಲ್ಲಿ ಅವಧಿ ಮುಗಿಯುವುದಿತ್ತು.

ಅವಳು ಕೈ ತೊಳೆಯಲಿಲ್ಲ. ಹಿಟ್ಟಿನ ಕೈಯಲ್ಲೇ ವೇದಿಕೆಯ ಪಕ್ಕಕ್ಕೆ ಬಂದು ನಿಂತಳು.

“ಲೇ ಕಾಂತೇಶಾ, ನಂದೊಂದು ಮಾತೈತಿ.”

“ದೊಡ್ಡವ್ವಾ, ಊಟಕ್ಕ ಇನ್ನೂ ಹತ್ತು ನಿಮಿಷ ಐತಿ,” ಎಂದ ಕಾಂತೇಶ್ ಮೈಕಿನಲ್ಲೇ. ಜನ ನಕ್ಕರು.

“ಊಟದ ಮಾತಲ್ಲ. ತಿಂಗಳಾ ತಪ್ಪದಂಗ ಕೊಡ್ತೀವಿ ಅಂದಿ. ಕುರಿ ತಿಂಗಳಾ ಮರಿ ಹಾಕತೈತೇನು?”

“ಇದು ಕುರಿಯಲ್ಲ ದೊಡ್ಡವ್ವ, ದುಬೈ!”

“ದುಬೈನಾಗ ಮನಿ ಖಾಲಿ ಬೀಳಂಗಿಲ್ಲೇನು? ಬಾಡಿಗಿ ಬರದಿರೋ ತಿಂಗಳಾ ಎಲ್ಲಿಂದ ತಂದು ಕೊಡ್ತಿ? ಮರಿ ಹಾಕದ ತಿಂಗಳಾನೂ ಕುರಿ ಕಾಯೋನು ಮರಿ ತಂದುಕೊಟ್ಟ ಅಂದ್ರ, ಅದು ಇನ್ಯಾರದೋ ಮರಿ. ಮತ್ತ ಇನ್ನೊಂದು ಕೇಳ್ತೀನಿ. ಲುಕ್ಸಾನಾದ್ರ ಹೇಳ್ತೀರೇನು? ಕಿವಿ ತೋರಿಸ್ತೀರೇನು?”

“ಲುಕ್ಸಾನೇ ಇಲ್ಲ! ಇವತ್ತಿನ ತನಕ ಒಂದು ರೂಪಾಯಿ ಲುಕ್ಸಾನಿಲ್ಲ!”

“ಹಂಗಾರ ನಂದು ಬ್ಯಾಡ. ಆ ಐದು ಲಕ್ಷ ನಿನ್ನ ದೊಡ್ಡಪ್ಪಂದಲ್ಲ, ನಂದು. ಹೆಸರು ತೆಗಿ.”

ಓಬಳೇಶಪ್ಪ ಶಾಲನ್ನು ಎದೆಗೆ ಅವುಚಿಕೊಂಡು ಹಲ್ಲು ಕಚ್ಚಿ ಹೇಳಿದ, “ಲೇ ದ್ಯಾಮಿ, ಒಳಗ ನಡಿ.”

“ಹೋಗ್ತೀನಿ. ರೊಟ್ಟಿ ಅಲ್ಲೇ ಅದಾವು,” ಎಂದು ಅವಳು ಒಳಗೆ ಹೋದಳು.

ಕಿವಿಯ ಮಾತು ಕೋಟಿನವರಿಗೆ ತಿಳಿಯದಿದ್ದರೆ ಆಶ್ಚರ್ಯವಿಲ್ಲ. ಸಭೆಯಲ್ಲಿದ್ದ ಕುರಿ ಸಾಕುವ ಮನೆಗಳವರಿಗೆ ತಿಳಿಯಬೇಕಿತ್ತು. ದ್ಯಾಮಕ್ಕನ ತವರು ಉಚ್ಚಂಗಿದುರ್ಗದ ಹತ್ತಿರದ ಹಳ್ಳಿ. ಮದುವೆಯಲ್ಲಿ ಅವಳ ತಾಯಿ ಬಳುವಳಿಯಾಗಿ ನಾಲ್ಕು ಕುರಿ ಕೊಟ್ಟಿದ್ದಳು. ನಾಲ್ಕರದೂ ಎಡಗಿವಿಯ ತುದಿಯಲ್ಲಿ ಗುರುತಿಗೆಂದು ಕತ್ತರಿಸಿದ ಒಂದು ಕಚ್ಚು ಇತ್ತು. ಬಳುವಳಿ ಕುರಿ ಹೆಣ್ಣಿನದು, ಅದರ ಮರಿಯೂ ಅವಳದೇ ಎಂಬುದು ಎಲ್ಲರೂ ಒಪ್ಪಿದ ಪದ್ಧತಿ. ಒಪ್ಪುವುದು ಬೇರೆ, ನಡೆಯುವುದು ಬೇರೆ. ಗಂಡನ ಮನೆಯಲ್ಲಿ ಬೀಗರು ಬಂದರೆಂದು ಒಂದು ಕುರಿ ಹೋಯಿತು, ಮೈದುನನ ಹರಕೆಗೆಂದು ಇನ್ನೊಂದು, ಮಾವನ ಆಸ್ಪತ್ರೆಗೆಂದು ಮೂರನೆಯದು. ಕುರಿಯ ಹಿಂದೆ ಅವಳ ಕಿವಿಯ ಬೆಂಡೋಲೆ ಹೋಗಿ ಟ್ರ್ಯಾಕ್ಟರಿನ ಟೈರಾಯಿತು. ಅಕ್ಕಿ ಡಬ್ಬಿಯಲ್ಲಿಟ್ಟ ದುಡ್ಡನ್ನು ಅತ್ತೆ ‘ಮನಿಗೆ’ ಎಂದು ತೆಗೆದಳು. ಯಾರೂ ಕದಿಯಲಿಲ್ಲ. ಹೆಂಗಸಿನದು ಎಂದರೆ ಮನೆಯದು, ಗಂಡಸಿನದು ಎಂದರೆ ಅವನದು. ಆ ಮನೆಯ ಕಾಯಿದೆ ಇಷ್ಟೇ ಇತ್ತು, ಅದನ್ನು ಯಾರೂ ಬರೆದಿಟ್ಟಿರಲಿಲ್ಲ.

ಕೊನೆಯ ಕುರಿಯನ್ನು ದ್ಯಾಮಕ್ಕ ಒಂದು ದಿನ ಬೆಳಿಗ್ಗೆ ಯಾರನ್ನೂ ಕೇಳದೆ ಹೊಡೆದುಕೊಂಡು ಹೋಗಿ, ದೊಡ್ಡಮ್ಮನ ಮಗ ಮೈಲಾರೇಶನ ಹಿಂಡಿಗೆ ಪಾಲಿಗೆ ಬಿಟ್ಟು ಬಂದಳು. ಹುಟ್ಟಿದ ಮರಿಗಳಲ್ಲಿ ಅರ್ಧ ಅವನಿಗೆ, ಅರ್ಧ ಇವಳಿಗೆ. ಇವಳ ಪಾಲಿನ ಮರಿಗಳ ಎಡಗಿವಿಗೂ ಅದೇ ಕಚ್ಚು. ಮೈಲಾರೇಶನ ಹಿಂಡು ವರ್ಷದಲ್ಲಿ ಏಳೆಂಟು ತಿಂಗಳು ಊರಲ್ಲಿ ಇರುತ್ತಿರಲಿಲ್ಲ. ಸುಗ್ಗಿ ಮುಗಿಯುತ್ತಲೇ ಮೇವು ಹುಡುಕಿ ಹೊಳೆ ದಾಟಿ ಹೋದರೆ ಮುಂಗಾರಿನ ಹೊತ್ತಿಗೇ ತಿರುಗಿ ಬರುವುದು. ಬೀಗರು ಬಂದಾಗ ಅವಳ ಕುರಿ ನೂರು ಮೈಲಿ ಆಚೆ ಯಾವುದೋ ಗದ್ದೆಯಲ್ಲಿ ಮೇಯುತ್ತಿರುತ್ತಿತ್ತು. ಕೈಗೆ ಸಿಗದ ಕುರಿ ಬದುಕಿತು, ಮರಿ ಹಾಕಿತು.

ಪಾಲಿನ ಕುರಿ ಸತ್ತರೆ ಒಂದು ಕಟ್ಟಳೆಯಿತ್ತು. ಮಾರಿಕೊಂಡಿಲ್ಲ, ಸತ್ತದ್ದು ನಿಜ ಎಂಬುದಕ್ಕೆ ಕಾಯುವವನು ಅದರ ಕಿವಿಯನ್ನು ಕೊಯ್ದು, ಒಣಗಿಸಿ, ತಂದು ತೋರಿಸಬೇಕು. ಒಂದು ವರ್ಷ ಜಡ್ಡು ಬಂದು ದ್ಯಾಮಕ್ಕನ ಒಂಬತ್ತು ಕುರಿ ಸತ್ತವು. ಮೈಲಾರೇಶ್ ಒಂಬತ್ತು ಕಿವಿಗಳನ್ನು ತಂತಿಗೆ ಪೋಣಿಸಿ ತಂದು ಅವಳ ಮುಂದಿಟ್ಟ, ತಲೆ ಎತ್ತಲಿಲ್ಲ. ಅವಳು ಒಂದೊಂದನ್ನೂ ನೀರಲ್ಲಿ ನೆನೆಸಿ ಅಮ್ಮನ ಕಚ್ಚನ್ನು ಬೆರಳಲ್ಲಿ ಮುಟ್ಟಿ ನೋಡಿದಳು, ಅತ್ತಳು, ಉಳಿದ ಕುರಿಗಳನ್ನು ಮತ್ತೆ ಅವನ ಹಿಂಡಿಗೇ ಬಿಟ್ಟಳು. ಹನ್ನೊಂದು ವರ್ಷಕ್ಕೆ ಆ ಒಂದು ಕುರಿ ಮೂವತ್ತೆಂಟಾಯಿತು. ಮೈಲಾರೇಶನ ಮೊಣಕಾಲು ಸೋತಾಗ ಅವನ್ನು ಮಾರಿ, ಆ ಹಣದಲ್ಲೇ ತಗಡಿನ ಶೆಡ್ಡು ಹಾಕಿಸಿ, ಎರಡು ಒಲೆ, ನಾಲ್ಕು ಹಂಚು ತಂದು ರೊಟ್ಟಿ ವ್ಯಾಪಾರಕ್ಕೆ ಕೂತವಳು ಅವಳು. ಆಮೇಲಿನ ಹದಿನಾಲ್ಕು ವರ್ಷ ಅವಳ ಮುಂಗೈ ತುಂಬ ಬರೆಯಾಗಿ ಉಳಿದಿದೆ.

ಸಭೆಯ ಸಂಜೆ ಓಬಳೇಶಪ್ಪ ಶಾಲನ್ನು ಗೂಟಕ್ಕೆ ಎಸೆದ.

“ಮಂದ್ಯಾಗ ನನ್ನ ಮರ್ಯಾದಿ ತೆಗೆದಿ.”

“ಮಂದ್ಯಾಗ ನನ್ನ ರೊಕ್ಕ ನೀವು ತೆಗೆದ್ರಿ. ನಾ ಬರೇ ಮಾತು ತೆಗೆದೆ.”

“ನಂದು, ನಿಂದು ಅಂತ ಯಾವಾಗಿಂದ ಬಂತಲೇ ಈ ಮನ್ಯಾಗ?”

“ಶಾಲು ನಿಮಗೊಬ್ಬರಿಗೇ ಹೊದಿಸಿದ್ರಲ್ಲ, ಆವಾಗಿಂದ.”

“ಅವ ನನ್ನ ತಮ್ಮನ ಮಗ. ಮೋಸ ಮಾಡ್ತಾನೇನು?”

“ಅವ ಮಾಡ್ತಾನ ಅಂತ ನಾ ಅಂದಿಲ್ಲ. ಅವನಿಗೂ ಗೊತ್ತಿರಂಗಿಲ್ಲ. ಲುಕ್ಸಾನೇ ಇಲ್ಲ ಅನ್ನೋ ಹಿಂಡಿನಾಗ ನನ್ನ ಕುರಿ ಬಿಡಂಗಿಲ್ಲ, ಅಷ್ಟ.”

“ಆಗ್ಲಿ. ನೀ ಸಹಿ ಹಾಕೋ ತನಕ ನಿನ್ನ ಕೈಯಾಗಿಂದು ಒಂದು ತುತ್ತು ಮುಟ್ಟಂಗಿಲ್ಲ.”

ಮೂವತ್ತೆರಡು ವರ್ಷದಲ್ಲಿ ಹೆರಿಗೆಯ ಹತ್ತು ದಿನ ಬಿಟ್ಟರೆ ಆ ಮನೆಯಲ್ಲಿ ಒಲೆ ಹಚ್ಚದ ದಿನ ಅವಳು ನೆನಪು ಮಾಡಿಕೊಂಡರೂ ಸಿಗುತ್ತಿರಲಿಲ್ಲ. ಹೆತ್ತ ಹನ್ನೊಂದನೆಯ ದಿನ ಹಚ್ಚಿದ್ದಳು, ಜ್ವರದಲ್ಲಿ ಹಚ್ಚಿದ್ದಳು. ಉಣ್ಣುವುದಿಲ್ಲ ಎಂದು ಬೆದರಿಸಬಹುದು ಎಂಬುದೇ ಅವಳಿಗೆ ಹೊಸದು. ತಟ್ಟೆಗಳ ಸಾಲಿನಿಂದ ಒಂದನ್ನು ತೆಗೆದು ಮೇಲಿನ ಹಲಗೆಯ ಮೇಲೆ ಬೋರಲು ಹಾಕಿದಳು. “ಆತು. ತೊಳೆಯೋ ಪಾತ್ರಿ ಒಂದು ಕಡಿಮಿ ಆತು.”

ಮರುದಿನದಿಂದ ಓಬಳೇಶಪ್ಪ ಬಸ್‌ಸ್ಟ್ಯಾಂಡಿನ ಹತ್ತಿರದ ಖಾನಾವಳಿಯಲ್ಲಿ ಉಣ್ಣತೊಡಗಿದ. ಮೂರನೆಯ ದಿನ ನಾಗಲಿಂಗಮ್ಮ ಅಲ್ಲಿಗೆ ರೊಟ್ಟಿಯ ಬುಟ್ಟಿ ಇಳಿಸಲು ಹೋದವಳು ಸೆರಗು ಬಾಯಿಗೆ ಒತ್ತಿಕೊಂಡೇ ವಾಪಸು ಬಂದಳು.

“ಯಕ್ಕಾ, ನಿನ್ನ ಗಂಡ ಅಲ್ಲಿ ರೊಟ್ಟಿ ಮುರ್ಕೊಂಡು ಕುಂತಾನ! ‘ಈ ರೊಟ್ಟಿ ಚೊಲೊ ಅದಾವು, ಇನ್ನೆರಡು ತಾ’ ಅಂದ.”

“ಎಷ್ಟಕ್ಕ ಒಂದು ಕೊಡ್ತಾರ ಅಲ್ಲಿ?”

“ಹನ್ನೆರಡು ರೂಪಾಯಿ.”

ದ್ಯಾಮಕ್ಕ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು. “ಮೂವತ್ತೆರಡು ವರ್ಷಕ್ಕ ಮೊದಲ ಸಲ ನನ್ನ ರೊಟ್ಟಿಗೆ ರೊಕ್ಕ ಕೊಟ್ಟಾನ. ಉಣ್ಲಿ ಬಿಡು, ಇನ್ನೂ ನಾಕು ದಿನ ಉಣ್ಲಿ.”

ಆದರೆ ಬೇಡವೆಂದು ಕೂತರೆ ಮುಗಿಯುತ್ತಿರಲಿಲ್ಲ. ಠೇವಣಿಯ ಅವಧಿ ಮುಗಿಯುವ ದಿನ ಹತ್ತಿರ ಬರುತ್ತಿತ್ತು, ಇವತ್ತು ಕಾಂತೇಶ್ ಕೇಳಿದ್ದನ್ನು ನಾಳೆ ಇನ್ನೊಬ್ಬ ಕೇಳುತ್ತಾನೆ. ಕೋಟಿನವರ ಮೊದಲ ಮಾತು ಅವಳ ತಲೆಯಿಂದ ಹೋಗಿರಲಿಲ್ಲ. ಎಲ್ಲವೂ ಒಂದೇ ಕಡೆ ಯಾಕಿರಬೇಕು? ಹೊಳೆ ದಾಟಿದ ಕುರಿಯೇ ತಾನೇ ಉಳಿದದ್ದು?

ಅವಳು ಕೊಟ್ಟೂರಿನ ಬಸ್ಸು ಹತ್ತಿದಳು. ಅಲ್ಲಿ ಶಾಂತಕುಮಾರಿ ಎಂಬ ನಿವೃತ್ತ ಗಣಿತದ ಮೇಡಂ ಇದ್ದರು, ಐದಾರು ವರ್ಷದಿಂದ ದ್ಯಾಮಕ್ಕನ ಹತ್ತಿರ ಖಡಕ್ ರೊಟ್ಟಿ ತರಿಸಿಕೊಳ್ಳುವವರು. ಯಾವಾಗಲೋ ಒಮ್ಮೆ, ತಮ್ಮ ಉಳಿತಾಯದಲ್ಲಿ ಸ್ವಲ್ಪ ಹೊರದೇಶದಲ್ಲಿದೆ ಎಂದು ಹೇಳಿದ್ದರು.

“ಮೇಡಂ, ಅವತ್ತು ಅಂದಿದ್ರಲ್ಲ, ಖರೇನೋ, ಸುಮ್ನ ಅಂದಿದ್ರೋ?”

“ಖರೆ ದ್ಯಾಮಕ್ಕ. ಎಲ್ಲಾ ಅಲ್ಲ, ನಾಕರಾಗ ಒಂದು ಪಾಲು.”

“ಯಾವ ಊರಾಗ?”

“ಒಂದೂರಂತಿಲ್ಲ. ನಾವು ರೂಪಾಯಿ ಇಲ್ಲೇ ಕಟ್ತೀವಿ. ಕಾಯಿದೆ ಪ್ರಕಾರ ನೋಂದಣಿ ಆಗಿರೋ ಮ್ಯೂಚುವಲ್ ಫಂಡು. ಅವರು ಹೊರದೇಶದ ನೂರಾರು ಕಂಪನಿಗಳಾಗ ಚೂರು ಚೂರು ಪಾಲು ತಗೋತಾರ. ಆ ಪಾಲಿನಾಗ ನಮ್ಮದೊಂದು ಪಾಲು.”

“ತಿಂಗಳಾ ಎಷ್ಟು ಕೊಡ್ತಾರ?”

“ಏನೂ ಕೊಡಂಗಿಲ್ಲ.”

ದ್ಯಾಮಕ್ಕ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. “ಹಾಂ, ಮುಂದ ಹೇಳ್ರಿ.”

“ಏರತೈತಿ, ಇಳಿತೈತಿ. ಒಂದು ವರ್ಷ ನಂದು ಐದರಾಗ ಒಂದು ಪಾಲು ಇಳಿದು ಹೋಗಿತ್ತು. ಆಮ್ಯಾಲ ಏರಿತು. ಏರೇ ಏರತೈತಿ ಅಂತ ಯಾರೂ ಬರ್ಕೊಡಂಗಿಲ್ಲ.”

“ಹೋಗಿದ್ದು ನಿಮಗ ಹೆಂಗ ಗೊತ್ತಾತು?”

“ಅವರೇ ಹೇಳ್ತಾರ. ದಿನಾ ರೇಟು ಹಾಕ್ತಾರ, ಆಗಾಗ ಹಾಳಿ ಕಳಿಸ್ತಾರ.”

“ಹೋಗಿದ್ದನ್ನೂ ಬರೀತಾರೇನು?”

“ಬರೀಲೇಬೇಕು. ಮುಚ್ಚಿಟ್ರ ಅವರಿಗೇ ಕಷ್ಟ.”

ದ್ಯಾಮಕ್ಕ ಆಮೇಲೆ ಆ ಕಂಪನಿಗಳು ಏನು ಮಾಡುತ್ತವೆಂದು ಕೇಳಿದಳು. ಔಷಧಿ, ಫೋನು, ಸೋಪು, ಯಂತ್ರ ಎಂದು ಮೇಡಂ ಹೇಳಿದರು.

“ಫೋನು ಅಂದ್ರ ನಮ್ಮನಿಯವ್ರು ಹಗಲೆಲ್ಲ ಒತ್ಕೊಂಡು ಕುಂತಿರ್ತಾರಲ್ಲ, ಅದು?”

“ಅಂಥದೇ.”

“ಹಂಗಾರ ಆಗ್ಲಿ. ಅವರು ಒತ್ತಿ ಒತ್ತಿ ಯಾರನ್ನೋ ಸಾವ್ಕಾರ ಮಾಡ್ಯಾರ. ಅದರಾಗ ನನಗೂ ಕೂದಲೆಳಿಯಷ್ಟು ಬರ್ಲಿ.”

ಮೇಡಂ ನಕ್ಕು, ಮತ್ತೆ ಗಂಭೀರವಾಗಿ ಎರಡು ಮಾತು ಹೇಳಿದರು. ಐದಾರು ವರ್ಷದೊಳಗೆ ಬೇಕಾಗುವ ಹಣವನ್ನು ಇದರಲ್ಲಿ ಹಾಕಬಾರದು. ಮತ್ತೆ, ಫೋನಿಗೆ ಬರುವ ಓಟಿಪಿಯನ್ನು ಯಾರಿಗೂ ಹೇಳಬಾರದು.

“ಬ್ಯಾಂಕಿನಾಗ ನನ್ನ ಹೆಸರಿನ ಮುಂದ ಅವರ ಫೋನ್ ನಂಬರೇ ಐತಿ, ಮೇಡಂ.”

“ಹಂಗಾರ ಮೊದಲ ಕೆಲಸ ಅದು.”

ವಾಪಸು ಬರುವಾಗ ದಾರಿಯಲ್ಲೇ ಅವಳು ತನ್ನ ಹೆಸರಿನಲ್ಲಿ ಒಂದು ಫೋನು, ಒಂದು ಸಿಮ್ಮು ಕೊಂಡಳು. ಐವತ್ತೆರಡನೆಯ ವಯಸ್ಸಿನಲ್ಲಿ ಅವಳದೆನ್ನುವ ಮೊದಲ ನಂಬರು.

ಬ್ಯಾಂಕಿನಲ್ಲಿ ಕೌಂಟರಿನ ಹಿಂದಿದ್ದ ಅಧಿಕಾರಿ ಅರ್ಜಿಯನ್ನು ನೋಡಿ ಅವಳತ್ತ ತಳ್ಳಿದರು. “ನಂಬರ್ ಬದಲಿ ಮಾಡೋದಾ? ಯಜಮಾನರನ್ನ ಕರ್ಕೊಂಡು ಬಾಮ್ಮ.”

“ಠೇವಣಿ ಯಾರ ಹೆಸರಿನಾಗ ಐತ್ರಿ?”

“ನಿಮ್ಮ ಹೆಸರಲ್ಲೇ ಇದೆ. ಆದ್ರೂ ಅವರು ಬಂದ್ರೆ ಒಳ್ಳೇದಲ್ವಾ?”

“ಸಾಹೇಬ್ರ, ನಾ ರೊಟ್ಟಿ ಮಾರಿ ತಂದು ಕಟ್ಟುವಾಗ ಹದಿನಾಕು ವರ್ಷ ಒಂದಿನಾನೂ ಯಜಮಾನ್ರನ್ನ ಕರ್ಕೊಂಡು ಬಾ ಅನ್ಲಿಲ್ಲ ನೀವು. ಕಟ್ಟಾಕ ನಾನೊಬ್ಬಾಕಿ ಸಾಕು, ತೆಗಿಯಾಕ ಇಬ್ಬರು ಬೇಕೇನು?”

ಸಾಲಿನಲ್ಲಿ ಹಿಂದೆ ನಿಂತಿದ್ದ ಸ್ತ್ರೀಶಕ್ತಿ ಸಂಘದ ಹೆಂಗಸರು ನಕ್ಕರು. ಒಬ್ಬಳು, “ಹೌದಲ್ಲರಿ ಸಾಹೇಬ್ರ,” ಎಂದಳು. ಅಧಿಕಾರಿ ಅರ್ಜಿಯನ್ನು ವಾಪಸು ಎಳೆದುಕೊಂಡು ಆಧಾರ್ ಕಾರ್ಡು ಕೇಳಿದರು.

ಮೂರು ಲಕ್ಷವನ್ನು ಅವಳು ಮತ್ತೆ ಅಲ್ಲೇ ಠೇವಣಿ ಇಟ್ಟಳು. ಉಳಿದ ಎರಡು ಲಕ್ಷ ತಿಂಗಳಿಗೆ ಹತ್ತು ಸಾವಿರದಂತೆ ಹೊರದೇಶದ ಫಂಡಿಗೆ ಹೋಗುವಂತೆ ಶಾಂತಕುಮಾರಿ ಮೇಡಂ ಮುಂದೆ ಕೂತು ಸಹಿ ಹಾಕಿದಳು. ವಾರಸುದಾರರ ಜಾಗದಲ್ಲಿ ಹರಪನಹಳ್ಳಿಗೆ ಕೊಟ್ಟ ಮಗಳು ಸಂಗೀತಾಳ ಹೆಸರು ಬರೆಸಿದಳು. ಮನೆಗೆ ಬಂದು ಎಲ್ಲವನ್ನೂ ತಾನೇ ಗಂಡನಿಗೆ ಹೇಳಿದಳು. ಮುಚ್ಚಿಡುವ ಕಾಲ ಮುಗಿಯಿತೆಂದು ಅವಳಿಗೆ ಅನಿಸಿತ್ತು.

ಓಬಳೇಶಪ್ಪನಿಗೆ ಎರಡು ಲಕ್ಷಕ್ಕಿಂತ ಆ ಹೆಸರು ಚುಚ್ಚಿತು. “ಮಗಳ ಹೆಸರು ಬರಿಸಿ ಬಂದಿ. ನಾ ಸತ್ತೀನೇನು?”

“ನಾ ಬದುಕಿದ್ದಾಗಲೇ ನನ್ನ ಐದು ಲಕ್ಷಕ್ಕ ಶಾಲು ಹೊದ್ದು ಬಂದ್ರಿ. ನಾ ಸತ್ತ ಮ್ಯಾಲ ಏನು ಉಳಿಸ್ತಿದ್ರಿ?”

ಖಾನಾವಳಿಯ ಊಟ ಅವನಿಗೆ ಹನ್ನೆರಡನೆಯ ದಿನಕ್ಕೆ ಸಾಕಾಗಿತ್ತು. ಹಲಗೆಯ ಮೇಲಿದ್ದ ತಟ್ಟೆಯನ್ನು ತಾನೇ ಇಳಿಸಿಕೊಂಡು ಕೂತ. ಅವಳು ರೊಟ್ಟಿ ಹಾಕಿದಳು. “ಉಂಡ ಮ್ಯಾಲ ತೊಳೆದಿಡ್ರಿ,” ಎಂದಳು. ಅವನು ತೊಳೆಯಲಿಲ್ಲ. ಅವಳೂ ತೊಳೆಯಲಿಲ್ಲ. ಮರುದಿನ ಅದೇ ಎಂಜಲು ತಟ್ಟೆ ಅವನ ಮುಂದೆ ಬಂತು. ಆಮೇಲೆ ತೊಳೆದ.

ಊರು ಅವಳಿಗೆ ‘ಅಮೆರಿಕದ ಸಾವ್ಕಾರ್ತಿ’ ಎಂದು ಹೆಸರಿಟ್ಟಿತು. ಕಾಂತೇಶನ ಸದಸ್ಯರಿಗೆ ಪ್ರತಿ ತಿಂಗಳು ಐದನೇ ತಾರೀಖು ಹಣ ಬರುತ್ತಲೇ ಇತ್ತು. ಒಂದು ತಿಂಗಳೂ ತಪ್ಪಲಿಲ್ಲ. ಸಂತೆಗೆ ಹೋದರೆ, ಬಾವಿಕಟ್ಟೆಗೆ ಹೋದರೆ ಯಾರಾದರೂ ಅವಳಿಗೆ ಅದನ್ನು ಹೇಳುವವರೇ. ನಾಗಲಿಂಗಮ್ಮನ ಅರ್ಜಿ ಕುಪ್ಪಸದಿಂದ ಟ್ರಂಕಿಗೆ, ಟ್ರಂಕಿನಿಂದ ಮತ್ತೆ ಕುಪ್ಪಸಕ್ಕೆ ಓಡಾಡುತ್ತಿತ್ತು.

ಎಂಟನೆಯ ತಿಂಗಳ ಐದನೇ ತಾರೀಖು ಕಾಂತೇಶ್ ಪೇಡೆಯ ಡಬ್ಬಿ ಹಿಡಿದು ದ್ಯಾಮಕ್ಕನ ಅಂಗಳಕ್ಕೇ ಬಂದ. ನಾಗಲಿಂಗಮ್ಮನನ್ನು ಒಪ್ಪಿಸಿ ಹೋಗುವ ಇರಾದೆ ಅವನದು. ಅದೇ ಹೊತ್ತಿಗೆ ಓಬಳೇಶಪ್ಪ ಝೆರಾಕ್ಸ್ ಅಂಗಡಿಯಿಂದ ಒಂದು ಹಾಳೆ ಹಿಡಿದು ಬಂದ. ಫಂಡಿನವರು ಕಳಿಸಿದ ವಿವರವನ್ನು ದ್ಯಾಮಕ್ಕ ತನ್ನ ಫೋನಿನಿಂದ ಅಂಗಡಿಗೆ ಕಳಿಸಿ ಮುದ್ರಿಸಲು ಹೇಳಿದ್ದಳು. ಅವನು ಅದನ್ನು ದಾರಿಯಲ್ಲೇ ಓದಿಕೊಂಡಿದ್ದ. ಅವನ ಮುಖದಲ್ಲಿ ಶಾಲು ಹೊದಿಸಿದ ದಿನದ ಕಳೆ ಮತ್ತೆ ಬಂದಿತ್ತು.

“ಎಂಬತ್ತು ಸಾವಿರ ಹಾಕ್ಯಾಳ, ಎಪ್ಪತ್ತಮೂರು ಉಳದೈತಿ! ಏಳು ಸಾವಿರ ನೀರಾಗ ಹೋತಲೇ ದ್ಯಾಮಿ! ತಮ್ಮಾ ಕಾಂತೇಶಾ, ನೋಡೋ ನಿನ್ನ ದೊಡ್ಡವ್ವನ ಅಮೆರಿಕಾನ!”

“ನಾ ಅವತ್ತೇ ಹೇಳಿದ್ದೆ ದೊಡ್ಡವ್ವ,” ಎಂದ ಕಾಂತೇಶ್, ಡಬ್ಬಿಯ ಮುಚ್ಚಳ ತೆಗೆಯುತ್ತ. “ತಗೋ, ಪೇಡೆ ತಿನ್ನು. ದುಬೈ ಬಾಡಿಗೀದು.”

ದ್ಯಾಮಕ್ಕ ಎಸರಿಗೆ ಹಿಟ್ಟು ಹಾಕಿ ಬಂದು, ಕೈ ಒರೆಸಿಕೊಂಡು ಹಾಳೆ ತೆಗೆದುಕೊಂಡಳು. ಅಂಕಿಗಳು ಅವಳಿಗೆ ಚೆನ್ನಾಗಿ ಓದಲು ಬರುತ್ತಿದ್ದವು. ಹಾಕಿದ್ದು ಇಷ್ಟು, ಈಗಿನ ಬೆಲೆ ಇಷ್ಟು, ಇಳಿದದ್ದು ಇಷ್ಟು. ಇಳಿದ ಅಂಕಿಯ ಎಡಕ್ಕೆ ಕಳೆಯುವ ಒಂದು ಗೆರೆ. ಅದರ ಮೇಲೆ ಬೆರಳಿಟ್ಟು, ಎಡಗಿವಿಯ ಕಚ್ಚನ್ನು ಮುಟ್ಟುವಂತೆ, ಒಂದು ಸಲ ಸವರಿದಳು. ಏಳು ಸಾವಿರವೆಂದರೆ ಎಷ್ಟು ಬೆಳಗಿನ ದುಡಿಮೆ ಎಂದು ಅವಳಿಗೆ ಗೊತ್ತಿತ್ತು.

“ಕಿವಿ ತಂದು ತೋರ್ಸ್ಯಾರ,” ಎಂದಳು.

“ಏನಂದಿ?”

“ಸತ್ತದ್ದನ್ನ ಸತ್ತೈತಿ ಅಂತ ಬರದಾರ. ಯಾರೂ ಕೇಳದ ಬರದಾರ. ಈ ಹಿಂಡಿನಾಗ ನನ್ನ ಕುರಿ ಇರ್ಲಿ. ಮುಂದಿನ ತಿಂಗಳದ್ದೂ ಕಟ್ತೀನಿ.” ಹಾಳೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕಾಂತೇಶನ ಕಡೆ ತಿರುಗಿದಳು. “ನಿಂದೂ ತೋರ್ಸು. ಎಂಟು ತಿಂಗಳಾತು. ಯಾವ ಫ್ಲ್ಯಾಟು ಖಾಲಿ ಬಿತ್ತು, ಯಾವನು ಬಾಡಿಗಿ ಕೊಡದ ಓಡಿಹೋದ, ಎಲ್ಲಿ ನಲ್ಲಿ ಒಡೀತು, ಒಂದಾದ್ರೂ ಹಾಳಿ ತಗಿ. ಒಂದ ಒಂದು ಕಿವಿ.”

“ನಮ್ದರಾಗ ಹೋಗೇ ಇಲ್ಲಲ್ಲ ದೊಡ್ಡವ್ವ.”

“ನೀ ದುಬೈ ನೋಡೀಯೇನು?”

“ನಾ ಹೋಗಿಲ್ಲ. ಮ್ಯಾಲಿನವ್ರು ಹೋಗ್ಯಾರ.”

“ಮತ್ತ ನೀನ ಮುಟ್ಟಿ ನೋಡದ ಕುರೀನ ಊರಿಗೆಲ್ಲ ಪಾಲಿಗೆ ಹಚ್ಚೀಯಲ್ಲೋ, ಮಗನ.”

ಕಾಂತೇಶ್ ಡಬ್ಬಿಯ ಮುಚ್ಚಳವನ್ನು ಹಾಕಿದ, ಮತ್ತೆ ತೆಗೆದ. ಓಬಳೇಶಪ್ಪ ಒಂದು ಪೇಡೆಯನ್ನು ಬೆರಳಲ್ಲಿ ಹಿಡಿದವನು ಬಾಯಿಗೆ ಹಾಕಿಕೊಳ್ಳದೆ ನಿಂತಿದ್ದ. ದ್ಯಾಮಕ್ಕ ಒಲೆಯ ಮುಂದೆ ಕೂತು ಹಿಟ್ಟಿನ ಉಂಡೆ ಹಿಡಿದು ಬಡಿಯತೊಡಗಿದಳು.

ಎದುರಿನ ಒಲೆಯ ಮುಂದಿದ್ದ ನಾಗಲಿಂಗಮ್ಮ ಕುಪ್ಪಸದಿಂದ ಅರ್ಜಿಯನ್ನು ತೆಗೆದಳು. ಬಿಡಿಸಿ ನೋಡಲಿಲ್ಲ. ಹಂಚಿನ ಕೆಳಗೆ ಉರಿಯುತ್ತಿದ್ದ ಕಟ್ಟಿಗೆಯ ಮೇಲಿಟ್ಟಳು.

“ಯಕ್ಕಾ, ಕೊಟ್ಟೂರಿನ ಬಸ್ಸು ಎಷ್ಟೊತ್ತಿಗೆ?”

“ಹತ್ತೂವರಿಗೆ. ಮೊದ್ಲು ನಿನ್ನ ಹೆಸರಿಲೆ ಒಂದು ಸಿಮ್ಮು ತಗೋ. ಮದುವಿ ರೊಕ್ಕ ಬ್ಯಾಂಕಿನಾಗ ಇರ್ಲಿ, ಅದನ್ನ ಹೊರಗ ಕಳಿಸಬ್ಯಾಡ. ತಿಂಗಳಾ ಉಳಿಯೋ ಐದುನೂರರಿಂದ ಹಚ್ಚು.” ದ್ಯಾಮಕ್ಕ ರೊಟ್ಟಿಯನ್ನು ಹಂಚಿಗೆ ಹಾಕಿ, ಒದ್ದೆ ಬಟ್ಟೆಯನ್ನು ಅದರ ಮೇಲೆ ಎಳೆದಳು. “ಮತ್ತ ಬ್ಯಾಂಕಿನಾಗ ಯಜಮಾನ್ರನ್ನ ಕರ್ಕೊಂಡು ಬಾ ಅಂದ್ರ ನೀ ಸುಮ್ನ ನಿಂದ್ರು. ನಾ ಮಾತಾಡ್ತೀನಿ.”